ನಮ್ಮ ಪಾಲಿಸಿಯಲ್ಲಿದ್ದ ಫಿಯಟ್ ಕಾರು

ಎಪ್ಪತ್ತರ ದಶಕದ ಕೊನೆಯಲ್ಲಿ, ನಾವು ಅಜ್ಜಂಪುರದಲ್ಲಿದ್ದಾಗ, ಒಂದು ಹಳೆಯ ಅಂಬಾಸಿಡರ್ ಕೊಂಡೆವು. ನಮ್ಮ ಯಜಮಾನರು ದನದ ಡಾಕ್ಟರು. ಹಳ್ಳಿ ರಸ್ತೆಗಳಲ್ಲಿ ಮೋಟಾರ್‌ಸೈಕಲ್ ಓಡಿಸಿ ಓಡಿಸಿ ಬೆನ್ನುನೋವು ಹಿಡಿದಿತ್ತು. ಕಾರಿಗೆ ವಿಮೆ ಮಾಡಿಸಿಕೊಟ್ಟವರು ತರೀಕೆರೆಯ ಒಬ್ಬ ಏಜೆಂಟರು. ಪಾಲಿಸಿ ಅಂಚೆಯಲ್ಲಿ ಬಂದಾಗ ಯಜಮಾನರು ತಮ್ಮ ಹೆಸರಿದೆಯೋ ಇಲ್ಲವೋ ಅಷ್ಟು ನೋಡಿ, ಬೀರುವಿನಲ್ಲಿಡು ಎಂದು ನನ್ನ ಕೈಗೆ ಕೊಟ್ಟರು.

ನನಗೆ ಸಿಕ್ಕಿದ್ದನ್ನೆಲ್ಲ ಓದುವ ಚಟ. ಕಡಲೇಕಾಯಿ ಕಟ್ಟಿಕೊಟ್ಟ ಕಾಗದವನ್ನೂ ಬಿಡುತ್ತಿರಲಿಲ್ಲ. ಪಾಲಿಸಿಯಲ್ಲಿ ಹೆಸರು, ಊರು, ಕಾರಿನ ನಂಬರು ಎಲ್ಲ ಸರಿಯಿತ್ತು. ಗಾಡಿ ಯಾವುದು ಎನ್ನುವಲ್ಲಿ ಮಾತ್ರ ಫಿಯಟ್ ಎಂದಿತ್ತು. ಆರ್.ಸಿ. ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದೆ. ಇಂಜಿನ್ ನಂಬರೂ ನಮ್ಮದಲ್ಲ, ಚಾಸಿಸ್ ನಂಬರೂ ನಮ್ಮದಲ್ಲ.

ಟೈಪು ಮಾಡುವಾಗ ತಪ್ಪಿರಬೇಕು, ತಿದ್ದಿಸಿದರಾಯಿತು ಎಂದರು ಯಜಮಾನರು. ನನಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಒಂದೆರಡು ಅಂಕಿ ಆಚೀಚೆಯಾಗಿದ್ದರೆ ತಪ್ಪು ಎನ್ನಬಹುದು; ಇದು ಯಾರದೋ ಪೂರಾ ಕಾರು. ಆ ಫಿಯಟ್ ಯಾವ ಊರಲ್ಲಿದೆ? ಅವರ ಪಾಲಿಸಿಯಲ್ಲಿ ನಮ್ಮ ಅಂಬಾಸಿಡರ್ ಕೂತಿದೆಯೇ? ಒಲೆಯ ಮುಂದೆಯೂ ಅದೇ ಯೋಚನೆ.

ಭಾನುವಾರ ಇಬ್ಬರೂ ತರೀಕೆರೆಗೆ ಹೋದೆವು. ಏಜೆಂಟರು ಕಾಗದ ನೋಡಿ ಪೆಚ್ಚಾದರು. ಇದನ್ನು ಹೀಗೇ ಬಿಟ್ಟರೆ, ನಾಳೆ ರಸ್ತೆಯಲ್ಲಿ ಏನಾದರೂ ಆದಾಗ ಕಷ್ಟ ಎಂದರು. ಆಮೇಲೆ ನೆನಪು ಮಾಡಿಕೊಂಡು, ನಮ್ಮ ಕಾರಿನ ಜೊತೆಗೇ ಲಿಂಗದಹಳ್ಳಿಯ ಒಂದು ಫಿಯಟ್ಟಿನ ಅರ್ಜಿಯನ್ನೂ ಕಳಿಸಿದ್ದಾಗಿ ಹೇಳಿದರು.

“ಆ ಯಮ್ಮಂಗೂ ಹೇಳಿಕಳಿಸ್ಬೇಕು” ಎಂದರು.

ಕಾರಿನ ಯಜಮಾನಿ ಹೆಂಗಸು ಎಂದು ತಿಳಿದಮೇಲೆ ನನ್ನನ್ನು ಹಿಡಿಯುವವರಿಲ್ಲ. ಹೇಳಿಕಳಿಸುವುದೇನೂ ಬೇಡ, ನಾವೇ ಹೋಗುತ್ತೇವೆ ಎಂದೆ. ಯಜಮಾನರು ಒಮ್ಮೆ ನನ್ನ ಮುಖ ನೋಡಿ, ಕಾರನ್ನು ಲಿಂಗದಹಳ್ಳಿ ಕಡೆಗೆ ತಿರುಗಿಸಿದರು.

ಆಕೆ ಊರಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದರು. ಐವತ್ತರ ಆಸುಪಾಸಿನವರು, ಸೊಂಟಕ್ಕೆ ಸಿಕ್ಕಿಸಿದ ಸೆರಗು, ತಲೆಗೂದಲ ಮೇಲೆ ತವುಡಿನ ಧೂಳು. ನಮ್ಮ ಮಾತು ಪೂರ್ತಿ ಕೇಳಿ, ಒಳಗೆ ಹೋಗಿ ತಮ್ಮ ಪಾಲಿಸಿ ತಂದರು. ಅದರಲ್ಲಿ ನಮ್ಮ ಅಂಬಾಸಿಡರ್ ಇತ್ತು.

“ನಾನು ಬಿಚ್ಚೇ ನೋಡಿಲ್ಲ ಕಣಮ್ಮಾ” ಎಂದು ನಕ್ಕರು.

ಗಿರಣಿಯ ಪಕ್ಕದಲ್ಲೇ ಫಿಯಟ್ ನಿಂತಿತ್ತು. ಆಕೆ ಬಾನೆಟ್ ಎತ್ತಿ, ಇಂಜಿನ್ನಿನ ಜಿಡ್ಡನ್ನು ಬಟ್ಟೆಯಿಂದ ಒರೆಸಿ, ನಂಬರು ಓದಿದರು. ನಾನು ನಮ್ಮ ಪಾಲಿಸಿಯ ಮೇಲೆ ಬೆರಳಿಟ್ಟುಕೊಂಡು ಕೇಳಿದೆ. ಒಂದಂಕಿಯೂ ತಪ್ಪಲಿಲ್ಲ. ಇಷ್ಟು ದಿನ ತಲೆಯಲ್ಲಿ ತಿರುಗುತ್ತಿದ್ದ ಕಾರು ಕಣ್ಣೆದುರಿಗೆ ಇದ್ದುದು ಬಹಳ ಖುಷಿ ಕೊಟ್ಟಿತು.

ಡ್ರೈವರು ಎಲ್ಲಿ ಎಂದು ಕೇಳಿದ್ದಕ್ಕೆ, ತಾವೇ ಓಡಿಸುವುದಾಗಿ ಹೇಳಿದರು. ಹೇಗೆ ಕಲಿತಿರಿ ಎಂದು ಬಿಡದೆ ಕೇಳಿದೆ. ಗಂಡ ತೀರಿಹೋದಮೇಲೆ ಕಾರು ಅಂಗಳದಲ್ಲೇ ನಿಂತಿತ್ತಂತೆ. ಇಟ್ಟುಕೊಂಡ ಡ್ರೈವರು ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಕೊನೆಗೆ ಅವನಿಂದಲೇ ಕೊಯ್ಲಾದ ಗದ್ದೆಯಲ್ಲಿ ಕಲಿತರಂತೆ. ಒಂದು ಸಲ ಹುಲ್ಲಿನ ಬಣವೆಗೂ ನುಗ್ಗಿಸಿದ್ದರಂತೆ.

“ಊರವ್ರು ಏನೂ ಅನ್ನಲಿಲ್ವಾ?”

“ನೋಡೋವಷ್ಟು ದಿನ ನಿಂತು ನೋಡಿದ್ರು. ಆಮೇಲೆ ಅವ್ರಿಗೇ ಬೇಜಾರಾಯ್ತು.”

ಎರಡು ಪಾಲಿಸಿಗಳನ್ನೂ ಏಜೆಂಟರಿಗೆ ಒಪ್ಪಿಸಲು ಅವತ್ತೇ ಹೊರಟೆವು. ನಾನು ಫಿಯಟ್ಟಿನ ಮುಂದಿನ ಸೀಟಿನಲ್ಲಿ ಕೂತೆ. ಯಜಮಾನರು ಒಬ್ಬರೇ ಅಂಬಾಸಿಡರಿನಲ್ಲಿ ಹಿಂದೆ ಬಂದರು. ತರೀಕೆರೆ ಬರುವವರೆಗೂ ಆಕೆಯ ಕಾಲುಗಳನ್ನೇ ನೋಡುತ್ತಿದ್ದೆ: ಯಾವುದನ್ನು ಯಾವಾಗ ತುಳಿಯುತ್ತಾರೆ, ಯಾವಾಗ ಬಿಡುತ್ತಾರೆ. ಎತ್ತಿನಗಾಡಿ ಎದುರು ಬಂದರೆ ಗೇರು ಇಳಿಸಿ, ಅದು ದಾಟಿದಮೇಲೆ ಮತ್ತೆ ಏರಿಸುತ್ತಿದ್ದರು. ಆ ಕ್ರಮ ನನಗೆ ಅರ್ಥವಾಗತೊಡಗಿತು.

ಕೆಲವು ವಾರಗಳಲ್ಲಿ ತಿದ್ದಿದ ಕಾಗದಗಳು ಇಬ್ಬರಿಗೂ ಬಂದವು. ಅಷ್ಟರಲ್ಲಿ ನಾನು, ನನಗೂ ಕಾರು ಕಲಿಸಿಕೊಡಿ ಎಂದು ಯಜಮಾನರ ಬೆನ್ನು ಹತ್ತಿದ್ದೆ. ಅವರು ಮೊದಮೊದಲು ಮಾತು ಮರೆಸಿದರು, ಆಮೇಲೆ ಒಣಗಿದ ಕೆರೆಯಂಗಳದಲ್ಲಿ ಕಲಿಸಿದರು. ಲೈಸೆನ್ಸ್ ಸಿಕ್ಕಮೇಲೆ ಮೊದಲ ಸಲ ಕಡೂರಿಗೆ ಓಡಿಸಿಕೊಂಡು ಹೋದಾಗ, ದಾರಿಯುದ್ದಕ್ಕೂ ಅವರ ಕೈ ಹ್ಯಾಂಡ್‌ಬ್ರೇಕಿನ ಮೇಲೇ ಇತ್ತು. ಕಡೂರಿನಲ್ಲಿ ಕಾಫಿ ಕುಡಿದು ವಾಪಸು ಹೊರಡುವಾಗ, ಬೆನ್ನು ನೋಯುತ್ತಿದೆ ಎಂದು ಹಿಂದಿನ ಸೀಟಿನಲ್ಲಿ ಉರುಳಿಕೊಂಡರು. ಬೀರೂರು ದಾಟುವ ಹೊತ್ತಿಗೆ ಗೊರಕೆ ಕೇಳಿಸಿತು.