ಬಲಗಡೆಯ ಡಬ್ಬ, ಒಂದು ಗೇಣು ಮುಂದೆ

ಬಿಸಿ ತಾಗಿದ ಅರಗಿಗೆ ಒಂದು ವಾಸನೆಯಿದೆ. ಸುಟ್ಟ ವಾಸನೆಯಲ್ಲ, ಸುಡುವುದಕ್ಕೆ ಸ್ವಲ್ಪ ಮುಂಚಿನದು. ಕಳೆದ ಶನಿವಾರ ಕಾಲೇಜಿನಿಂದ ಬರುವಾಗ, ಚನ್ನಪಟ್ಟಣದ ನಮ್ಮ ಬೀದಿಯ ತಿರುವಿನಲ್ಲಿ ಬೊಂಬೆ ಕಡೆಯುವವರ ಷೆಡ್ಡಿನ ಬಾಗಿಲು ತೆರೆದಿತ್ತು. ಗಿರ್ರನೆ ತಿರುಗುತ್ತಿದ್ದ ಮರಕ್ಕೆ ಯಾರೋ ಕೆಂಪು ಅರಗಿನ ಕಡ್ಡಿ ಒತ್ತಿ ಹಿಡಿದಿದ್ದರು. ನಾನು ಮನೆಗೆ ಬಂದವಳೇ ಒಳಕೋಣೆಗೆ ಹೋಗಿ, ಬಲಗಡೆಯ ಸ್ಪೀಕರಿನ ಮುಂದೆ ಹಾಸಿದ್ದ ಚಾಪೆಯನ್ನು ಎತ್ತಿದೆ. ಸಿಮೆಂಟಿನ ನೆಲದ ಮೇಲೆ ಮೂರು ಕೆಂಪು ಚುಕ್ಕೆಗಳು ಹಾಗೇ ಇದ್ದವು. ಅರಗಿನವು. ಆ ಚಾಪೆಯನ್ನು ಹಾಸಿದ್ದೇ ಅವು ಕಣ್ಣಿಗೆ ಬೀಳದಿರಲಿ ಎಂದು...

ಎಂಟು ವರ್ಷದ ಹಿಂದೆ, ಗಣಿತ ಕಲಿಸುವ ಕೆಲಸಕ್ಕೆ ಸೇರಿದ ಮೊದಲ ವರ್ಷ, ರಾಗಿ ಮೂಟೆ ಇಡುತ್ತಿದ್ದ ಈ ಕೋಣೆಯನ್ನು ಸಂಗೀತ ಕೇಳುವುದಕ್ಕೆಂದು ಬಿಡಿಸಿಕೊಂಡೆ. ಹತ್ತು ಅಡಿಗೆ ಒಂಬತ್ತು ಅಡಿ. ಇಯರ್‌ಫೋನ್ ಹಾಕಿಕೊಂಡು ಕೇಳಬಾರದೇ ಎಂದರು ಅಪ್ಪ. ಕಾರಣ ಅವರಿಗೂ ಗೊತ್ತಿತ್ತು, ಮರೆತಿದ್ದರು. ಚಿಕ್ಕಂದಿನಲ್ಲಿ ಕಿವಿ ಸೋರಿ, ನನ್ನ ಬಲಗಿವಿಗೆ ಅರ್ಧದಷ್ಟೇ ಕೇಳಿಸುತ್ತದೆ. ಇಯರ್‌ಫೋನ್ ಹಾಕಿದಾಗಲೆಲ್ಲ ಹಾಡು ಎಡಕ್ಕೆ ವಾಲಿ, ಅದನ್ನೇ ನೆನಪಿಸುತ್ತಿತ್ತು. ಮದುವೆಯಾಗಬೇಕಾದ ಹುಡುಗಿ, ಯಾರಿಗೂ ಹೇಳಬೇಡ ಎಂದು ಅಮ್ಮ ಹೇಳಿದ್ದು ಹೈಸ್ಕೂಲಿನಲ್ಲಿ. ಅಂದಿನಿಂದ ಯಾರ ಜೊತೆ ನಿಂತರೂ ಅವರು ನನ್ನ ಎಡಕ್ಕೆ ಬರುವಂತೆ ಸರಿದುಕೊಳ್ಳುವುದನ್ನು ಕಲಿತಿದ್ದೆ. ತಲೆ ಎತ್ತ ತಿರುಗಿಸುತ್ತೇನೆ ಎಂದು ಯಾರೂ ನೋಡದ ಒಂದು ಕೋಣೆ ನನಗೆ ಬೇಕಿತ್ತು.

ಸ್ಪೀಕರ್ ಆರಿಸಲು ಅಪ್ಪ ಕರೆತಂದದ್ದು ಮೈಕ್‌ಸೆಟ್ಟಿನವರನ್ನು. ನಮ್ಮ ಬೀದಿಯಲ್ಲಿ ಅವರಿಗೆ ಬೇರೆ ಹೆಸರಿರಲಿಲ್ಲ. ಅರವತ್ತು ದಾಟಿದ್ದ, ಸಣ್ಣ ಮೈಕಟ್ಟಿನ ಮನುಷ್ಯ. ಮಾಗಡಿಯಿಂದ ಕನಕಪುರದವರೆಗೆ ಮದುವೆ, ನಾಮಕರಣ ಎಲ್ಲಕ್ಕೂ ಅವರದೇ ಮೈಕು. ಅಂದರೆ ಎಲ್ಲ ಮನೆಗಳ ಒಳಗೂ ಹೋಗಿ ಬರುವವರು, ಎಲ್ಲರ ಸುದ್ದಿಯೂ ಕಿವಿಗೆ ಬೀಳುವವರು. ಮೊದಲ ದಿನವೇ ನನಗೆ ಅವರ ಮೇಲೆ ಅನುಮಾನ.

ನಾನು ಓದಿ ಪಟ್ಟಿ ಮಾಡಿಟ್ಟಿದ್ದೆ. ನೆಲದ ಮೇಲೆ ನಿಲ್ಲುವ ಎತ್ತರದ ಸ್ಪೀಕರ್‌ಗಳೇ ಆಗಬೇಕು ಎಂದು ತೀರ್ಮಾನಿಸಿಯೂ ಆಗಿತ್ತು. ಅವರು ಪಟ್ಟಿಯನ್ನು ಪೂರ್ತಿ ಓದಿ, ಮಡಚಿ ನನ್ನ ಕೈಗೇ ಕೊಟ್ಟರು.

“ಇದರಲ್ಲಿ ಬರ್ದಿರೋದೆಲ್ಲ ಸರಿಯಾಗೇ ಐತೆ ಕಣವ್ವ. ಆದ್ರೆ ಈ ಕೋಣೆಗೆ ದೊಡ್ಡ ಡಬ್ಬ ಬ್ಯಾಡ. ಗುಂಯ್ ಅಂತದೆ ಅಷ್ಟೆಯಾ.”

ಅವರ ಅಂಗಡಿಯಲ್ಲೇ ಇದ್ದ ಒಂದು ಜೊತೆ ಚಿಕ್ಕ ಸ್ಪೀಕರ್ ಸಾಕು ಎಂದರು. ಮಾರಾಟವಾಗದೆ ಉಳಿದದ್ದನ್ನು ದಾಟಿಸುತ್ತಿದ್ದಾರೆ ಎಂದುಕೊಂಡೆ. ಎರಡು ರಾಗಿ ಮೂಟೆ ಹಿಂದಿನ ಮೂಲೆಗಳಲ್ಲೇ ಇರಲಿ, ಅವು ಗುಂಯ್ ಎನ್ನುವ ಸದ್ದನ್ನು ಕುಡಿಯುತ್ತವೆ ಎಂದಾಗಲಂತೂ ತಮಾಷೆ ಮಾಡುತ್ತಿದ್ದಾರೋ ಎಂದು ಅವರ ಮುಖ ನೋಡಿದೆ. ಮಾಡುತ್ತಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅಪ್ಪ ನಕ್ಕರು: “ಊರ್ನೆಲ್ಲ ಕಿವುಡು ಮಾಡ್ದೋನು, ನಮ್ಮನೇಲಿ ಪಿಸುಗುಡೋ ಡಬ್ಬ ಮಡುಗ್ತಾವ್ನಲ್ಲ.” ಅವರೂ ನಕ್ಕರು, ಒಂದು ಕ್ಷಣ ತಡವಾಗಿ. ನಾನು ನಗಲಿಲ್ಲ.

ಅವರ ಜೊತೆ ನಿಂತು ಮಾತಾಡುವುದೇ ಕಷ್ಟವಾಗುತ್ತಿತ್ತು. ನಾನು ಅವರನ್ನು ಎಡಕ್ಕೆ ಬಿಟ್ಟುಕೊಂಡು ನಿಂತರೆ, ಅವರು ವೈರು ನೋಡುವ ನೆಪದಲ್ಲಿ ಸುತ್ತಿ ನನ್ನ ಬಲಕ್ಕೆ ಬರುತ್ತಿದ್ದರು. ನಾನು ಮತ್ತೆ ಸರಿಯುತ್ತಿದ್ದೆ. ಅವರು ಮತ್ತೆ ಬರುತ್ತಿದ್ದರು. ಅಷ್ಟು ಚಿಕ್ಕ ಕೋಣೆಯಲ್ಲಿ ಇಬ್ಬರೂ ಹಾಗೆ ಎಷ್ಟು ಸುತ್ತು ಹಾಕಿದೆವೋ... ಬೇಕೆಂದೇ ಪರೀಕ್ಷಿಸುತ್ತಿದ್ದಾರೆ ಎನ್ನಿಸಿತು.

ಮಾರನೆಯ ದಿನ ಸ್ಪೀಕರ್ ತಂದರು. ಬೊಂಬೆ ಮಾಡುವವರ ಹತ್ತಿರ ಕಡೆಸಿದ, ಅರಗು ಹಚ್ಚಿದ ಮೂರು ಕಾಲಿನ ಸ್ಟ್ಯಾಂಡುಗಳೂ ಬಂದವು. ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಕಣ್ಣು ಮುಚ್ಚಲು ಹೇಳಿ, ಅಲ್ಲಲ್ಲಿ ನಿಂತು ಚಪ್ಪಾಳೆ ತಟ್ಟಿದರು. ಎಲ್ಲಿಂದ ಬಂತು, ತೋರಿಸು ಎಂದರು. ನಾನು ಕೈ ತೋರಿಸುತ್ತಾ ಹೋದೆ. ಆಮೇಲೆ ಒಂದು ವೀಣೆಯ ಸಿಡಿ ಹಾಕಿ, ತುಂಬ ಹೊತ್ತು ಬಲಗಡೆಯ ಸ್ಟ್ಯಾಂಡನ್ನು ಬೆರಳು ಬೆರಳಷ್ಟೇ ಮುಂದಕ್ಕೆ ಎಳೆದರು. ಕೊನೆಗೆ ಬೆಂಕಿಕಡ್ಡಿ ಗೀರಿ, ಅರಗಿನ ಕಡ್ಡಿಯನ್ನು ಕರಗಿಸಿ ಆರು ಕಾಲುಗಳ ಬುಡದಲ್ಲೂ ಒಂದೊಂದು ತೊಟ್ಟು ಬಿಟ್ಟರು. ಕಸ ಗುಡಿಸುವಾಗ ಜರುಗಿದರೂ ಜಾಗ ತಪ್ಪಬಾರದು ಎಂದು.

ಅವರು ಹೋದ ಮೇಲೆ ಟೇಪು ಹಿಡಿದು ಅಳೆದೆ. ಎಡಗಡೆಯದಕ್ಕಿಂತ ಬಲಗಡೆಯದು ಒಂದು ಗೇಣು ಮುಂದಿತ್ತು. ಕುಳಿತು ಕೇಳಿದೆ. ವೀಣೆ ನನ್ನ ಎದುರಿಗೆ, ಸರಿಯಾಗಿ ನಡುವೆ ಬಂದು ಕುಳಿತಿತ್ತು. ಅಲ್ಲಿಯವರೆಗೆ ಯಾವ ಸ್ವರವೂ ನನಗೆ ನಡುವಿನಿಂದ ಕೇಳಿಸಿರಲಿಲ್ಲ. ಸಂತೋಷವಾಗಬೇಕಿತ್ತು. ಆಗಲಿಲ್ಲ. ಈ ಮನುಷ್ಯನಿಗೆ ತಿಳಿದುಹೋಗಿದೆ, ಇನ್ನು ಊರಿಗೂ ತಿಳಿಯುತ್ತದೆ ಎಂಬುದೊಂದೇ ತಲೆಯಲ್ಲಿತ್ತು.

ಆಗಲೇ ಕನಕಪುರದ ಕಡೆಯ ಒಂದು ಸಂಬಂಧ ಹೆಚ್ಚುಕಡಿಮೆ ಗೊತ್ತಾಗಿತ್ತು. ಹುಡುಗನ ಜೊತೆ ಎರಡು ಸಲ ಮಾತಾಡಿದ್ದೆ, ಎರಡು ಸಲವೂ ಅವರನ್ನು ಎಡಕ್ಕೆ ಕೂರಿಸಿಕೊಂಡು. ನನಗೆ ಒಪ್ಪಿಗೆಯಿತ್ತು. ಮದುವೆಯಾದ ಮೇಲೆ ನಾನೇ ಹೇಳಬೇಕೆಂದಿದ್ದೆ. ಒಂದು ಸಂಜೆ ಬಸ್ಸಿಳಿದು ಬರುವಾಗ, ಹುಡುಗನ ಚಿಕ್ಕಪ್ಪ ಮೈಕ್‌ಸೆಟ್ಟಿನವರ ಅಂಗಡಿಯ ಮುಂದೆ ಟೀ ಕುಡಿಯುತ್ತಾ ನಿಂತಿದ್ದು ಕಂಡಿತು. ಮುಂದಿನ ವಾರ ಹುಡುಗನ ಮನೆಯಿಂದ ಸುದ್ದಿ ಬಂತು: ಈಗ ಬೇಡ, ಮುಂದೆ ನೋಡೋಣ. ಕಾರಣ ಹೇಳಲಿಲ್ಲ. ನನಗೆ ಕಾರಣ ಬೇಕಾಗಿಯೂ ಇರಲಿಲ್ಲ.

ನಾನು ಜಗಳವಾಡುವವಳಲ್ಲ. ಅವರು ಸ್ಪೀಕರ್ ಹೇಗಿದೆ ಎಂದು ಕೇಳಲು ಬಂದಾಗ ಕೋಣೆಯಿಂದ ಹೊರಗೆ ಬರಲಿಲ್ಲ. ಸ್ಟ್ಯಾಂಡನ್ನು ಒಂದು ಗೇಣು ಹಿಂದಕ್ಕೆ ತಳ್ಳಿ ಎರಡನ್ನೂ ಸಮ ಮಾಡಿದೆ. ಮತ್ತು ಅಪ್ಪನನ್ನು ಕರೆದು, ಟೇಪು ಹಿಡಿದು, ಅವರು ಇಟ್ಟಿದ್ದು ಎಷ್ಟು ಸೊಟ್ಟಗಿತ್ತು ಎಂದು ತೋರಿಸಿದೆ. ಇಷ್ಟೂ ತಿಳಿಯದವರು ಮದುವೆಗೆ ಮೈಕು ಹೇಗೆ ಕಟ್ಟುತ್ತಾರೆ ಎಂದೆ. ಏಕೆ ಸೊಟ್ಟಗಿತ್ತು ಎಂದು ನನಗೆ ಗೊತ್ತಿತ್ತು. ಅಪ್ಪ ಯೋಚಿಸಲಿಲ್ಲ. ಅದನ್ನೊಂದು ತಮಾಷೆ ಮಾಡಿಕೊಂಡು ಹೋಟೆಲಿನಲ್ಲಿ ಹೇಳಿದರು, ನೆಂಟರ ಮನೆಗಳಲ್ಲಿ ಹೇಳಿದರು. ಅಣ್ಣನ ಮದುವೆಗೆ ಮೈಕು ರಾಮನಗರದಿಂದ ಬಂತು. ಮೈಕ್‌ಸೆಟ್ಟಿನವರು ಊಟಕ್ಕೆ ಬಂದಿದ್ದರು. ಕೈ ತೊಳೆದು, ಬೇರೆಯವರ ಪೆಟ್ಟಿಗೆಗಳನ್ನು ಸ್ವಲ್ಪ ಹೊತ್ತು ನೋಡುತ್ತಾ ನಿಂತಿದ್ದು, ಹೋದರು.

ಮೂರು ತಿಂಗಳ ಹಿಂದೆ ಅವರು ತೀರಿಕೊಂಡರು. ಹನ್ನೊಂದನೆಯ ದಿನದ ಊಟಕ್ಕೆ ಹೋಗಿ ಬಂದ ಅಮ್ಮ, ಸೀರೆ ಬದಲಿಸದೆ ನನ್ನ ಮಂಚದ ತುದಿಯಲ್ಲಿ ಕುಳಿತಳು. ನೀನೂ ಬರಬೇಕಿತ್ತು ಎಂದಳು. ಆ ಸಂಬಂಧ ತಪ್ಪಿಸಿದ್ದು ಅವರೇ ಎಂದು, ನಾನು ಅಷ್ಟು ವರ್ಷ ನುಂಗಿಕೊಂಡಿದ್ದನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಅಮ್ಮ ಸೆರಗಿನ ಅಂಚು ಮಡಚುತ್ತಾ ಹೇಳಿದಳು:

“ಆವಯ್ಯನ್ನ ಯಾಕಂತೀಯ? ಹುಡ್ಗನ ಮನೆಯೋರ್ಗೆ ಹೇಳ್ದೋಳು ನಾನೇ ಕಣವ್ವ. ಸುಳ್ಳು ಕಟ್ಟಿ ನಿನ್ನ ಕಳ್ಸಾಕೆ ನನ್ಗೆ ಆಗ್ನಿಲ್ಲ.”

ಹೈಸ್ಕೂಲಿನಿಂದ ನನ್ನ ಬಾಯಿ ಕಟ್ಟಿದ್ದವಳೂ ಅಮ್ಮನೇ. ಅದನ್ನು ಹೇಳಬೇಕೆಂದುಕೊಂಡೆ, ಆದರೆ ಅಮ್ಮ ಮುಗಿಸಿರಲಿಲ್ಲ. ಸ್ಪೀಕರ್ ಇಟ್ಟ ದಿನ ಅಡುಗೆಮನೆಗೆ ನೀರು ಕೇಳಿಕೊಂಡು ಬಂದ ಮೈಕ್‌ಸೆಟ್ಟಿನವರು, ಮಗಳಿಗೆ ಬಲಗಿವಿ ಮಂದವೇ ಎಂದು ಮೆಲ್ಲಗೆ ಕೇಳಿದರಂತೆ. ಅಮ್ಮ ಹೆದರಿದ್ದು ಕಂಡು, ತಾವೇ ಹೇಳಿದರಂತೆ.

“ನಂದೂ ಬಲಗಿವಿ ಹೋಗಿ ಬೋ ವರ್ಸ ಆಯ್ತು ಕಣಕ್ಕ. ಯಾರ್ಗೂ ಹೇಳ್ಬ್ಯಾಡ. ಮೈಕ್‌ನೋನು ಕಿವುಡ ಅಂದ್ರೆ ಯಾರು ಕೆಲ್ಸ ಕೊಟ್ಟಾರು?”

ಆ ಚಿಕ್ಕ ಕೋಣೆಯಲ್ಲಿ ನಾವಿಬ್ಬರೂ ಹಾಕಿದ ಸುತ್ತುಗಳು ಆಗ ಅರ್ಥವಾದವು. ನಾನು ಒಳ್ಳೆಯ ಕಿವಿಯನ್ನು ಅವರ ಕಡೆ ತಿರುಗಿಸುತ್ತಿದ್ದೆ, ಅವರು ತಮ್ಮದನ್ನು ನನ್ನ ಕಡೆ. ನನ್ನ ಗುಟ್ಟನ್ನು ಅವರು ಕಾಯ್ದರು. ನಾನು ಅವರ ಕೆಲಸ ಸೊಟ್ಟ ಎಂದು ಊರಿಗೆ ಹೇಳಿಸಿದೆ. ಅಪ್ಪನ ಆ ತಮಾಷೆಯಿಂದ ಅವರಿಗೆ ಎಷ್ಟು ಮದುವೆಗಳು ತಪ್ಪಿದವೋ ಗೊತ್ತಿಲ್ಲ... ಅವರ ಮನೆಯವರನ್ನು ಕೇಳುವ ಧೈರ್ಯ ಈ ಮೂರು ತಿಂಗಳಲ್ಲಿ ಬಂದಿಲ್ಲ. ಚಾಪೆ ಎತ್ತುವ ಧೈರ್ಯವೂ ಶನಿವಾರದವರೆಗೆ ಬಂದಿರಲಿಲ್ಲ.

ಅಂದು ಸ್ಟ್ಯಾಂಡಿನ ಮೂರು ಕಾಲುಗಳನ್ನು ಮೂರು ಚುಕ್ಕೆಗಳ ಮೇಲೆ ತಂದಿಟ್ಟೆ. ಅದೇ ವೀಣೆ ಹಾಕಿ ಕುಳಿತೆ. ಸ್ವರ ನಡುವೆ ಬರಲಿಲ್ಲ. ಈ ಎಂಟು ವರ್ಷದಲ್ಲಿ ನನ್ನ ಬಲಗಿವಿ ಇನ್ನಷ್ಟು ಹೋಗಿದೆ, ಆ ಒಂದು ಗೇಣು ಈಗ ಸಾಲದು. ಎರಡು ಬೆರಳು ಮುಂದೆ ಎಳೆದೆ, ನಾಲ್ಕು ಬೆರಳು ಎಳೆದೆ. ಎಲ್ಲಿ ನಿಲ್ಲಿಸಬೇಕೋ ತಿಳಿಯಲಿಲ್ಲ. ಸದ್ದು ಕೇಳಿ ಬಾಗಿಲಿಗೆ ಬಂದ ಅಮ್ಮ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಸ್ವಲ್ಪ ಹೊತ್ತು ಕೇಳಿದಳು.

“ಸರಿಯಾಗೇ ಐತಲ್ಲ,” ಎಂದಳು.

ಅಮ್ಮನಿಗೆ ಎರಡೂ ಕಿವಿಗಳು ಚೆನ್ನಾಗಿ ಕೇಳಿಸುತ್ತವೆ.