ಮನಾಲಿಯಲ್ಲಿ ಹೊತ್ತು ಮುಳುಗಿದ್ದು ಎಷ್ಟಕ್ಕೆ?

2023ರ ನವೆಂಬರ್, ದೀಪಾವಳಿ ರಜೆ. ಆಗ ನಾನು ಇಚಲಕರಂಜಿಯ ಒಂದು ಪ್ರವಾಸ ಕಂಪನಿಯಲ್ಲಿ ಟೂರ್ ಮ್ಯಾನೇಜರ್ ಆಗಿದ್ದೆ. ಹೆಸರು ಕೇಳಿ ದೊಡ್ಡ ಹುದ್ದೆ ಎಂದು ತಿಳಿಯಬೇಡಿ. ತಲೆ ಎಣಿಸುವವನು, ಬ್ಯಾಗು ಎಣಿಸುವವನು, ಬಸ್ಸಿನಲ್ಲಿ ನಿಂತು ಎಡಕ್ಕೆ ನೋಡಿ, ಬಲಕ್ಕೆ ನೋಡಿ ಎನ್ನುವವನು, ಕಡೆಗೆ ಎಲ್ಲರಿಂದ ಬೈಸಿಕೊಳ್ಳುವವನು. ಹನ್ನೊಂದು ವರ್ಷ ಮಾಡಿದೆ. ಊರು ಯಡ್ರಾವ. ಪವರ್‌ಲೂಮಿನ ಸದ್ದಿನಲ್ಲಿ ಬೆಳೆದವನಾದ್ದರಿಂದ ನನ್ನ ದನಿ ದೊಡ್ಡದು, ಬಸ್ಸಿನ ಮೈಕು ಕೆಟ್ಟರೂ ನಡೆಯುತ್ತಿತ್ತು. ಆ ದನಿ ಬೇಕಾದ ದಿನವೇ ಏಳಲಿಲ್ಲ. ಅದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ನಮ್ಮ ಧಂದೆಯಲ್ಲಿ ನೋಡುವ ಜಾಗಕ್ಕೆಲ್ಲ 'ಪಾಯಿಂಟ್' ಎನ್ನುತ್ತಾರೆ. ಹಿಡಿಂಬಾ ಗುಡಿ ಒಂದು ಪಾಯಿಂಟ್, ವಸಿಷ್ಠದ ಬಿಸಿನೀರಿನ ಕುಂಡ ಒಂದು ಪಾಯಿಂಟ್, ಸೋಲಂಗ್ ಕಣಿವೆ ಒಂದು ಪಾಯಿಂಟ್, ಧಬಧಬೆ ಎಂದರೆ ಜಲಪಾತ, ಅದೂ ಒಂದು ಪಾಯಿಂಟ್. ದಿನದ ಕೊನೆಗೆ ಮ್ಯಾನೇಜರ್ ಒಂದು ಫಾರ್ಮು ತುಂಬಬೇಕು: ತೋರಿಸಿದ ಪಾಯಿಂಟ್, ಬಿಟ್ಟ ಪಾಯಿಂಟ್, ಬಿಟ್ಟದ್ದಕ್ಕೆ ಕಾರಣ. ಪಟ್ಟಿಯಲ್ಲಿ 'ಹಿಮಾಚಲಿ ಹಸ್ತಕಲಾ ದರ್ಶನ' ಎಂಬುದೂ ಇರುತ್ತಿತ್ತು. ಅದು ಶಾಲು ಮಾರುವ ಅಂಗಡಿ. ಅಲ್ಲಿ ಜನ ಶಾಲು ಕೊಂಡಷ್ಟೂ ನಮ್ಮ ಮಾಲಕರಿಗೆ ಕಮಿಷನ್. ಗುಡಿಯ ದರ್ಶನ ಹತ್ತು ನಿಮಿಷದಲ್ಲಿ ಮುಗಿಸಬಹುದು, ಶಾಲಿನ ದರ್ಶನ ಒಂದು ತಾಸಿಗಿಂತ ಕಡಿಮೆ ಆಗಕೂಡದು. ಇದು ಅಪ್ಪಣೆ.

ಆ ಸಲ ಬಸ್ಸಿನಲ್ಲಿ ಇಪ್ಪತ್ತೆರಡು ಜನ. ಒಂಬತ್ತು ಮಂದಿ ಶಿರೋಳ ತಾಲೂಕಿನ ಜೈನರು. ಕಂಪನಿಯ ಜಾಹೀರಾತಿನಲ್ಲಿ ಕೆಂಪು ಅಕ್ಷರದಲ್ಲಿ ಅಚ್ಚಾಗಿತ್ತು: 'ಜೈನ ಊಟ, ಹೊತ್ತು ಮುಳುಗುವ ಮುನ್ನ, ಗ್ಯಾರಂಟಿ.' ಅದನ್ನು ಓದಿಯೇ ನಾಂದಣಿಯ ಚಂಪಕ್ಕ ಸೊಸೆ ಸುನೀತಾಳ ಜೊತೆ ಬಂದಿದ್ದರು. ಎಪ್ಪತ್ತೊಂದು ವರ್ಷ, ಸಕ್ಕರೆ ಕಾಯಿಲೆ, ಬೆಳಿಗ್ಗೆ ಒಂದು ಮಾತ್ರೆ, ಸಂಜೆ ಊಟದ ಜೊತೆ ಒಂದು. ಹೊತ್ತು ಮುಳುಗಿದ ಮೇಲೆ ಮತ್ತೆ ಸೂರ್ಯ ಕಾಣುವ ತನಕ ಅನ್ನವೂ ಇಲ್ಲ, ನೀರೂ ಇಲ್ಲ ಎಂದು ಸ್ವಾಮಿಗಳ ಎದುರು ನೇಮ ಹಿಡಿದು ಮೂವತ್ತು ವರ್ಷವಾಗಿತ್ತು. ಹಾಗೆಂದು ಮೂಲೆ ಹಿಡಿದು ಜಪ ಮಾಡುವವರಲ್ಲ. ಹಿಡಿಂಬಾ ಗುಡಿಯ ಹತ್ತಿರ ದೇವದಾರು ಮರವನ್ನು ಸೀರೆಯ ಸೆರಗಿನಿಂದ ಸುತ್ತಿ ಅಳೆದು, 'ಇದಕ್ಕ ಸೆರಗ ಸಾಲಂಗಿಲ್ಲ, ಪೂರಾ ಸೀರಿನ ಬೇಕ' ಎಂದು ಬಸ್ಸನ್ನೆಲ್ಲ ನಗಿಸಿದ್ದರು.

ನಾಲ್ಕನೆಯ ದಿನ ಸೋಲಂಗ್ ನೋಡಿದೆವು. ಹನ್ನೆರಡಕ್ಕೆ ಡಬ್ಬಿಯ ಊಟ ಆಯಿತು. ಸಂಜೆಯ ಊಟ ಹೋಟೆಲಿನಲ್ಲಿ ನಾಲ್ಕಕ್ಕೆ ಎಂದು ಅಡುಗೆಯವನಿಗೆ ಹೇಳಿದ್ದೆ. ಮೂರು ಗಂಟೆಗೆ ಮಾಲಕರ ಫೋನ್ ಬಂತು.

'ಶಾಲಿನ ಪಾಯಿಂಟ್ ಇವತ್ತ ಮುಗಸ. ನಾಳಿ ಆ ಅಂಗಡಿ ಬಂದ್ ಐತಿ.'

'ಊಟದ ಟೈಮ್ ಆಕ್ಕೇತ್ರಿ ಸಾಹೇಬ್ರ, ಜೈನ ಮಂದಿ ಅದಾರ.'

'ಸೂರ್ಯಾಸ್ತ ಐದ ಇಪ್ಪತ್ತೈದಕ್ಕ ಐತಿ, ಮೊಬೈಲ್‌ನಾಗ ನೋಡ. ಐದಕ್ಕ ಉಣ್ಣಲಿ, ಚಾಲತೇತಿ.'

ನಾನೂ ಮೊಬೈಲ್ ನೋಡಿದೆ, ಐದು ಇಪ್ಪತ್ತೈದು. ಸರಿ ಎಂದೆ. ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎನ್ನುತ್ತಾರಲ್ಲ, ನನ್ನ ಗತಿ ಅದೇ. ನೌಕರಿಯೂ ಉಳಿಯಬೇಕು, ಜನರ ಊಟವೂ ಆಗಬೇಕು.

ಆ ಅಂಗಡಿಗೆ ಕಿಟಕಿಯೇ ಇಲ್ಲ, ಒಳಗೆ ಬರೀ ಟ್ಯೂಬ್‌ಲೈಟು. ಒಂದೂಕಾಲು ತಾಸು ಶಾಲು ಬಿಚ್ಚಿದರು, ಮಡಿಸಿದರು. ಹೊರಗೆ ಬಂದಾಗ ನಾಲ್ಕೂವರೆ. ಚಂಪಕ್ಕ ಮೆಟ್ಟಿಲ ಮೇಲೆ ನಿಂತು ಪಡುವಣಕ್ಕೆ ನೋಡಿದರು. ಅಲ್ಲಿ ಗುಡ್ಡ ಇತ್ತು, ಸೂರ್ಯ ಇರಲಿಲ್ಲ.

'ಹೊತ್ತ ಮುಳಗೇತಲ್ಲ ತಮ್ಮಾ' ಎಂದರು.

ನಾನು ಮೊಬೈಲ್ ತೋರಿಸಿದೆ. ಸುನೀತಾ ಕೂಡ ಹೇಳಿದಳು, 'ಅತ್ತಿ, ಪಂಚಾಂಗದ ಪ್ರಕಾರ ಇನ್ನೂ ಸುಮಾರ ಒಂದ ತಾಸ ಐತ್ರಿ. ಉಳದ ಮಂದಿ ಎಲ್ಲಾ ಉಣ್ಣಾಕ ಹೊಂಟಾರ.'

'ಅವರ ನೇಮ ಅವರಿಗೆ. ನಾ ಸೂರ್ಯಾನ್ನ ನೋಡಿ ನೇಮ ಹಿಡದಾಕಿ. ಮೊಬೈಲ್ ನೋಡಿ ಹಿಡದಿಲ್ಲ.'

ನಾಂದಣಿಯ ಹೊಲದಲ್ಲಿ ನಿಂತವರಿಗೆ ಪಂಚಾಂಗದ ಸೂರ್ಯ ಬೇರೆ, ಕಣ್ಣಿನ ಸೂರ್ಯ ಬೇರೆ ಎಂದು ಅನ್ನಿಸಲು ಕಾರಣವೇ ಇಲ್ಲ. ಬಯಲುಸೀಮೆ, ಕಬ್ಬಿನ ಆಚೆ ನೆಲಕ್ಕೆ ತಾಗಿ ಮುಳುಗುತ್ತಾನೆ. ನಾನೂ ಅದೇ ಬಯಲಿನವನು. ಆದರೆ ನಾನು ಮನಾಲಿಗೆ ಅದಕ್ಕೂ ಮುಂಚೆ ಹದಿನಾಲ್ಕು ಸಲ ಹೋಗಿದ್ದೆ! ಸೂರ್ಯ ಗುಡ್ಡದ ಹಿಂದೆ ಬೇಗ ಇಳಿಯುವುದನ್ನು ಹದಿನಾಲ್ಕು ಸಲ ನೋಡಿ, ಸ್ವೆಟರ್ ಹಾಕಿಕೊಳ್ಳಿ ಎಂದು ಮೈಕಿನಲ್ಲಿ ಹೇಳಿದ್ದೆನೇ ಹೊರತು ಊಟಕ್ಕೂ ಅದಕ್ಕೂ ಸಂಬಂಧ ಕಟ್ಟಿರಲಿಲ್ಲ. ಇನ್ನೂ ನಾಚಿಕೆಯ ಮಾತು ಇದೆ. ನಾವು ಅಲ್ಲಿ ವಾದ ಮಾಡುತ್ತಿದ್ದಾಗ ನದಿಯ ಆಚೆ, ವಸಿಷ್ಠದ ಮೇಲಿನ ಇಳಿಜಾರಿನಲ್ಲಿ ಹಳದಿ ಬಿಸಿಲು ಎದ್ದು ಕಾಣುತ್ತಿತ್ತು. ಹೋಟೆಲಿನಿಂದ ಒಂದು ಡಬ್ಬಿ ತರಿಸಿ ಅವರನ್ನು ಅಲ್ಲಿಗೆ ಕರೆದೊಯ್ದಿದ್ದರೆ ಸೂರ್ಯನ ಎದುರಿಗೇ ಉಣ್ಣುತ್ತಿದ್ದರು. ನನಗೆ ಹೊಳೆಯಲಿಲ್ಲ. ಮೊಬೈಲ್ ಚಾಚಿಕೊಂಡು ನಿಂತಿದ್ದೆ.

ಚಂಪಕ್ಕ ಉಣ್ಣಲಿಲ್ಲ, ನೀರು ಕುಡಿಯಲಿಲ್ಲ, ಸಂಜೆಯ ಮಾತ್ರೆ ನುಂಗಲಿಲ್ಲ. ಯಾರಿಗೂ ಒಂದು ಬಿರುಸು ಮಾತು ಆಡಲಿಲ್ಲ. 'ಮುಂಜಾನೆ ಉಣ್ಣತೇನಿ' ಎಂದು ಕೋಣೆಗೆ ಹೋದರು.

ಬೆಳಿಗ್ಗೆ ಏಳಕ್ಕೆ ನಾನೇ ಉಪ್ಪಿಟ್ಟು ಹಿಡಿದುಕೊಂಡು ಹೋದೆ. ಅವರು ಶಾಲು ಹೊದ್ದು ಹೋಟೆಲಿನ ಅಂಗಳದಲ್ಲಿ ಕುರ್ಚಿಯ ಮೇಲೆ ಕೂತಿದ್ದರು. ಅಂಥ ಚಳಿಯಲ್ಲೂ ಹಣೆಯ ಮೇಲೆ ಬೆವರು, ಕೈ ನಡುಗುತ್ತಿತ್ತು. ಸುನೀತಾ ಅಳುತ್ತಿದ್ದಳು. ಸೂರ್ಯೋದಯವಾಗಿ ಆಗಲೇ ಹತ್ತು ನಿಮಿಷವಾಗಿತ್ತು, ಅದೂ ಮೊಬೈಲಿನಲ್ಲಿ! ಮೂಡಲ ಗುಡ್ಡದ ಹಿಂದಿನಿಂದ ಆ ಅಂಗಳಕ್ಕೆ ಬಿಸಿಲು ಬೀಳುವುದು ಎಂಟೂವರೆಗೆ ಎಂದು ನನಗೆ ಆಗ ನೆನಪಾಯಿತು. ಹಿಂದಿನ ದಿನ ಮಧ್ಯಾಹ್ನದಿಂದ ಹೊಟ್ಟೆಯಲ್ಲಿ ಏನೂ ಇಲ್ಲ, ಮೈಯಲ್ಲಿನ ಸಕ್ಕರೆ ತೀರ ಇಳಿದಿತ್ತು.

'ಅಕ್ಕಾರ, ಕಾಲ ಬೀಳತೇನಿ, ಒಂದ ಚಮಚ ಸಕ್ಕರಿ ಬಾಯಾಗ ಹಾಕೋರಿ' ಎಂದೆ.

ಅವರು ಕಣ್ಣು ತೆರೆದು ನಿಧಾನವಾಗಿ ಹೇಳಿದರು, 'ಸೂರ್ಯಾನ್ನ ತೋರಸ ತಮ್ಮಾ. ನೀ ಎಲ್ಲಾ ತೋರಸಾವ ಅಲ್ಲೇನ? ತೋರಸ, ಉಣ್ಣತೇನಿ.'

ಹೌದು, ತೋರಿಸುವುದೇ ನನ್ನ ಕೆಲಸ. ಪಡುವಣ ಇಳಿಜಾರಿನ ಎತ್ತರದ ಜಾಗಕ್ಕೆ ಬಿಸಿಲು ಮೊದಲು ಬೀಳುತ್ತದೆ. ಟ್ಯಾಕ್ಸಿ ತರಿಸಿ, ಇಬ್ಬರನ್ನೂ ಕೂರಿಸಿ, ಹಿಡಿಂಬಾ ಗುಡಿಯನ್ನೂ ದಾಟಿ ಸೇಬಿನ ತೋಟಗಳ ಕಡೆ ಹತ್ತಿಸಿದೆ. ದಾರಿಯಲ್ಲಿ ಅವರ ತಲೆ ಸೊಸೆಯ ಹೆಗಲಿಗೆ ವಾಲಿತು. ನಾನು ಆ ದಿನ ಎಷ್ಟು ದೇವರಿಗೆ ಹರಕೆ ಹೊತ್ತೆನೋ ಲೆಕ್ಕವಿಲ್ಲ. ಮೂರನೆಯ ತಿರುವಿನಲ್ಲಿ ಬಿಸಿಲು ಕಾರಿನ ಗಾಜಿಗೆ ಬಡಿಯಿತು. ಚಂಪಕ್ಕ ಕೈ ಮುಗಿದರು, ಬಾಯಿ ತೆರೆದರು. ಸುನೀತಾ ಸಕ್ಕರೆ ನೀರು ಹಾಕಿದಳು, ಆಮೇಲೆ ಚೂರು ಚೂರು ಉಪ್ಪಿಟ್ಟು. ಅಲ್ಲಿಂದ ನೇರವಾಗಿ ಆಸ್ಪತ್ರೆಗೆ ಒಯ್ದೆವು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ನನ್ನನ್ನೇ ಬೈದರು. ಬೈದದ್ದು ಸರಿಯಾಗಿಯೇ ಇತ್ತು.

ಹತ್ತು ಗಂಟೆಗೆ ಮಾಲಕರ ಫೋನ್. 'ಬಸ್ ಹೋಟೆಲ್‌ನಾಗ ನಿಂತೇತಂತ? ಧಬಧಬೆ ಪಾಯಿಂಟ್ ಯಾಕ ಬಿಟ್ಟಿ? ಒಂದ ಮುದುಕಿ ನಾಟಕ ಮಾಡತಾಳ ಅಂತ ಇಪ್ಪತ್ತೊಂದ ಮಂದೀನ ಕೂಡಸತೀ ಏನ?'

ಯಡ್ರಾವದ ದನಿ ಆಗ ಎದ್ದಿತು. 'ನಾಟಕ ನಿಮ್ದರಿ. ಕೆಂಪ ಅಕ್ಷರದಾಗ ಗ್ಯಾರಂಟಿ ಅಂತ ಅಚ್ಚ ಹಾಕಿದ್ದ ನೀವು, ಶಾಲ ಮಾರಾಕ ಆಕೀನ್ನ ಉಪಾಸ ಕೆಡವಿದ್ದ ನೀವು. ಹೂಂ ಅಂದ ಕತ್ತೆ ನಾನು.' ಆಸ್ಪತ್ರೆಯ ವರಾಂಡದಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ ಎಂದುಕೊಂಡೆ.

ಆ ದಿನದ ಫಾರ್ಮಿನಲ್ಲಿ ಹೀಗೆ ಬರೆದೆ. ಬಿಟ್ಟ ಪಾಯಿಂಟ್: ಧಬಧಬೆ. ತೋರಿಸಿದ ಪಾಯಿಂಟ್: ಸೂರ್ಯ. ಇಚಲಕರಂಜಿಗೆ ಮರಳಿದ ಮರುದಿನ ಮಾಲಕರು ಆ ಕಾಗದವನ್ನು ಮೇಜಿನ ಮೇಲಿಟ್ಟು, ನಾಳೆಯಿಂದ ಬರಬೇಡ ಎಂದರು.

ಈಗ ಸಣ್ಣ ಗುಂಪುಗಳನ್ನು ನಾನೇ ಒಯ್ಯುತ್ತೇನೆ. ಗುಡ್ಡದ ಊರಿಗೆ ಹೋದಾಗ ಹೋಟೆಲಿನವರನ್ನು ಮೊದಲು ಕೇಳುವುದು ರೂಮಿನ ಬಿಸಿನೀರಲ್ಲ. ಸೂರ್ಯ ಯಾವ ಗುಡ್ಡದ ಹಿಂದೆ, ಎಷ್ಟಕ್ಕೆ ಇಳಿಯುತ್ತಾನೆ ಎಂದು. ಜನರನ್ನು ಒಯ್ಯುವವನು ಅವರ ನೇಮವನ್ನೂ ಜೊತೆಗೆ ಒಯ್ಯುತ್ತಾನೆ, ಅದು ಬ್ಯಾಗು ಎಣಿಸುವಾಗ ಲೆಕ್ಕಕ್ಕೆ ಸಿಗುವುದಿಲ್ಲ. ಇಷ್ಟನ್ನು ಕಲಿಯಲು ನನಗೆ ಹನ್ನೊಂದು ವರ್ಷ ಬೇಕಾಯಿತು, ಒಬ್ಬ ಮುದುಕಿಯ ಜೀವ ಪಣಕ್ಕೆ ಬೀಳಬೇಕಾಯಿತು. ಅದಕ್ಕೇ ಸಿಟ್ಟು.

ಚಂಪಕ್ಕನಿಗೆ ಮಾತ್ರ ಸಿಟ್ಟಿಲ್ಲ. ನೌಕರಿ ಹೋದ ಸುದ್ದಿ ಕೇಳಿ ನಾಂದಣಿಗೆ ಊಟಕ್ಕೆ ಕರೆದರು. ಹೊಲದ ಮನೆಯ ಕಟ್ಟೆಯ ಮೇಲೆ ಸಂಜೆ ತಾಟು ಬಡಿಸಿದರು. ಕಬ್ಬಿನ ಆಚೆ ಸೂರ್ಯ ಕೆಂಪಗೆ ನೆಲದ ಹತ್ತಿರ ಬಂದಿದ್ದ. ಮನಾಲಿಯಿಂದ ಬಂದ ಮೇಲೆ ಸಂಜೆಯ ಊಟಕ್ಕೆ ಕೂತರೆ ನನಗೆ ಅವಸರ, ದೊಡ್ಡ ದೊಡ್ಡ ತುತ್ತು ನುಂಗುತ್ತಿದ್ದೆ. ಅವರು ಪಡುವಣಕ್ಕೊಮ್ಮೆ ನೋಡಿ, ಇನ್ನೊಂದು ರೊಟ್ಟಿ ಹಾಕಿ ಹೇಳಿದರು:

'ಸಾವಕಾಶ ಉಣ್ಣ ತಮ್ಮಾ. ಇನ್ನೂ ಹೊತ್ತೈತಿ.'