ಮಿಲ್ಲಿನಾಗ ಬಿಟ್ಟ ಬೆರಳು

ಹೊಸ ನೌಕರಿಗೆ ಆಧಾರ್ ಸರಿ ಮಾಡಿಸಾಕ ಶಹಾಪುರದಾಗ ಪಾಳಿ ಹಚ್ಚಿದ್ದೆ. ಮೆಷಿನ್ ಮುಂದ ಕುಂತಿದ್ದ ಹೆಣ್ಣುಮಗಳು ತಲಿ ಎತ್ತದನ, "ಬಲಗೈ ತೋರುಬೆರಳು ಇಡ್ರಿ" ಅಂದಳು.

"ಅದು ಮಿಲ್ಲಿನಾಗ ಅದರಿ" ಅಂದೆ.

ಚಾಷ್ಟಿ ಮಾಡಾಕತ್ತಾನ ಅಂತ ಸಿಟ್ಟಿಲೆ ತಲಿ ಎತ್ತಿದಾಕಿ, ನನ್ನ ಕೈ ನೋಡಿ ಕುರ್ಚಿ ಮುಂದಕ್ಕ ಎಳಕೊಂಡಳು. ಹತ್ತಿ ಬಿಡಿಸೋ ಯಂತ್ರ ಬೆರಳು ತಗೊಂಡಿತ್ತು. ಆಮ್ಯಾಲೆ ಮೂಟಿ ಎತ್ತಾಕ ಆಗದ ನಾನ ಕೆಲಸ ಬಿಟ್ಟಿದ್ದೆ.

"ಪರಿಹಾರ ಕೊಟ್ಟಾರೇನ್ರಿ?"

"ನೌಕರಿ ನಾನ ಬಿಟ್ಟೀನಲ್ರಿ ಅಕ್ಕಾ, ಯಾವ ಮುಖ ಇಟ್ಕೊಂಡು ಕೇಳಲಿ? ಬಿಟ್ಟು ಹೋದವಂಗ ಏನೂ ಬರಂಗಿಲ್ಲ ಅಂತ ಮಾಲಕರೂ ಅಂದಾರ."

"ಬೆರಳು ಹೋದಾಗ ಯಾರ ಕೆಲಸದಾಗ ಇದ್ರಿ?"

"ಅವರದ."

"ಮತ್ತ? ನೀವು ಬಿಟ್ಟಿದ್ದು ಕೆಲಸ. ಹಕ್ಕು ಯಾವಾಗ ಬಿಟ್ರಿ? ನಮ್ಮ ಅಣ್ಣಗೂ ಕೆಲಸ ಬಿಟ್ಟ ಮ್ಯಾಲೇ ಪರಿಹಾರ ಬಂತು. ಯಾದಗಿರಿಗೆ ಹೋಗಿ ಕಾರ್ಮಿಕ ಇಲಾಖೆಯಾಗ ಕೇಳ್ರಿ. ಹಂಗ ಕುಂತ್ರ ಅರ್ಜಿ ಹಾಕೋ ಮುದ್ದತ್ ಮುಗೀತದ."

ಹಿಂದ ಪಾಳಿಯವರು ಒದರಾಕತ್ತಿದ್ರು. ಆಕಿ ಕಿವಿಗೇ ಹಾಕ್ಕೊಳ್ಳಲಿಲ್ಲ. ದವಾಖಾನಿ ಚೀಟಿ ಮರೀಬ್ಯಾಡ್ರಿ ಅಂತ ಎರಡೆರಡು ಸಲ ಹೇಳಿ, ಆಮ್ಯಾಲೆ ಮೆಷಿನ್‌ಗೆ 'ಈ ಬೆರಳಿಲ್ಲ' ಅಂತ ತಿಳಿಸಿದಳು. ಅದು ತಕರಾರಿಲ್ಲದ ಒಪ್ಪಿಕೊಂತು. ಮಾಲಕರು ಒಪ್ಪಾಕ ಭಾಳ ದಿನ ಹಿಡೀತು.

ಪರಿಹಾರ ಬಂದ ದಿನ ಆಕಿಗೆ ಪೇಢಾ ಒಯ್ದೆ. "ಯಾರ್ರಿ ನೀವು?" ಅಂದಳು. ಕೈ ತೋರಿಸಿದ ಕೂಡಲೆ ಗುರ್ತು ಹಿಡಿದು ನಕ್ಕಳು.

ಈಗ ಯಾರಾದ್ರೂ 'ಕೆಲಸ ಬಿಟ್ಟೆ' ಅಂದ್ರ, ಯಾಕ ಅಂತ ಕೇಳೋಕಿಂತ ಮೊದಲ ನಾ ಅವರ ಕೈಬೆರಳು ಎಣಿಸ್ತೀನಿ.